ಮುಟ್ಟಿನ ಬಟ್ಟೆಗೆ ಬಿಸಿಲು ಬೇಕು

ಶೀರ್ಷಿಕೆ ನೋಡಿ ಪತ್ರಿಕೆಯನ್ನು ಮಡಿಸಿಡಬೇಡಿ. ಇದು ಹೆಂಗಸರು ಮಾತ್ರ ಕದ್ದು ಓದಬೇಕಾದ ವಿಷಯವಲ್ಲ. ತಾಯಿ, ಹೆಂಡತಿ, ಮಗಳು, ಸೊಸೆ ಇರುವ ಪ್ರತಿ ಮನೆಯ ಗಂಡಸರೂ ಓದಬೇಕಾದದ್ದು. ಏಕೆಂದರೆ ಈ ವಾರ ಇಲ್ಲಿ ಕೊಟ್ಟಿರುವ ಸಲಹೆಗಳಲ್ಲಿ ಹಲವನ್ನು ಮನೆಯವರೆಲ್ಲ ಒಪ್ಪಿದರೆ ಮಾತ್ರ ಪಾಲಿಸಲು ಸಾಧ್ಯ.

ಒಮ್ಮೆ ಬಳಸಿ ಎಸೆಯುವ ಸ್ಯಾನಿಟರಿ ಪ್ಯಾಡುಗಳು ಈಗ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತವೆ. ಅವುಗಳ ಜೊತೆಗೆ ಮೂರು ತೊಂದರೆಗಳೂ ಬಂದಿವೆ. ಪ್ರತಿ ತಿಂಗಳ ಖರ್ಚು, ಕೆಲವರಿಗೆ ತೊಡೆಸಂದಿನಲ್ಲಿ ಉರಿ ಮತ್ತು ಗುಳ್ಳೆ, ಬಳಸಿದ ಪ್ಯಾಡನ್ನು ಎಲ್ಲಿ ಹಾಕುವುದೆಂಬ ಚಿಂತೆ. ಹೀಗಾಗಿ ಅನೇಕ ಮಹಿಳೆಯರು ಒಗೆದು ಮತ್ತೆ ಬಳಸುವ ಬಟ್ಟೆಯ ಪ್ಯಾಡು, ಮುಟ್ಟಿನ ಕಪ್ ಮುಂತಾದವುಗಳ ಕಡೆ ತಿರುಗುತ್ತಿದ್ದಾರೆ. ಮನೆಯ ಹಿರಿಯ ಹೆಂಗಸರಿಗೆ ಇದು ಆಶ್ಚರ್ಯ. ‘ನಾವು ಕಾಲದಿಂದ ಬಳಸಿದ್ದೂ ಬಟ್ಟೆಯನ್ನೇ ಅಲ್ಲವೆ? ಅದು ಕೊಳಕು ಎಂದು ಬಿಡಿಸಿದವರೇ ಈಗ ಮತ್ತೆ ಬಟ್ಟೆ ಎನ್ನುತ್ತಿದ್ದೀರಲ್ಲ?’ ಎಂದು ಅವರು ಕೇಳಿದರೆ ತಪ್ಪಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವುದೇ ಈ ಲೇಖನದ ಉದ್ದೇಶ.

ಮೊದಲು ಸ್ರಾವದ ಬಗ್ಗೆ

ಪ್ರತಿ ತಿಂಗಳೂ ಗರ್ಭಕೋಶದ ಒಳಪದರವು ಗರ್ಭ ಧರಿಸಲು ಸಿದ್ಧವಾಗಿ ದಪ್ಪಗಾಗುತ್ತದೆ. ಗರ್ಭ ನಿಲ್ಲದಿದ್ದಾಗ ಆ ಪದರ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಇದೇ ಮುಟ್ಟು. ಇದು ಕೆಟ್ಟ ರಕ್ತವಲ್ಲ, ವಿಷವೂ ಅಲ್ಲ. ಒಂದು ಮುಟ್ಟಿನಲ್ಲಿ ಸಾಧಾರಣವಾಗಿ ಹೋಗುವ ರಕ್ತ 30ರಿಂದ 40 ಮಿಲಿಲೀಟರ್, ಅಂದರೆ ಎರಡು ಮೂರು ದೊಡ್ಡ ಚಮಚದಷ್ಟು. 80 ಮಿಲಿಲೀಟರ್ ದಾಟಿದರೆ ಅದನ್ನು ಅತಿಸ್ರಾವ ಎನ್ನುತ್ತಾರೆ.

ಈ ರಕ್ತ ದೇಹದಿಂದ ಹೊರಬಂದು, ಬೆವರು ಮತ್ತು ಗಾಳಿ ಸೋಕಿ, ಬೆಚ್ಚಗಿನ ತೇವದಲ್ಲಿ ಬ್ಯಾಕ್ಟೀರಿಯಾಗಳು ಬೆಳೆದಾಗ ದುರ್ವಾಸನೆ ಹುಟ್ಟುತ್ತದೆ. ಆದ್ದರಿಂದ ನಾವು ಬಳಸುವ ವಸ್ತು ಯಾವುದೇ ಇರಲಿ, ಅದು ಮೂರು ಕೆಲಸ ಮಾಡಬೇಕು. ಸ್ರಾವವನ್ನು ಹಿಡಿದಿಡಬೇಕು, ಚರ್ಮವನ್ನು ಬಹಳ ಹೊತ್ತು ಒದ್ದೆಯಾಗಿ ಇರಿಸಬಾರದು, ಹೊರಗಿನ ರೋಗಾಣುಗಳನ್ನು ಒಳಗೆ ತರಬಾರದು. ಬಟ್ಟೆ, ಪ್ಯಾಡು, ಕಪ್ ಮೂರನ್ನೂ ಇದೇ ಅಳತೆಗೋಲಿನಿಂದ ನೋಡಬೇಕು.

ಪ್ಯಾಡಿನ ಒಳಿತು ಕೆಡುಕು

ಮೊದಲ ಮಹಾಯುದ್ಧದಲ್ಲಿ ಗಾಯಾಳುಗಳ ಗಾಯಕ್ಕೆ ಕಟ್ಟಲು ಮರದ ತಿರುಳಿನಿಂದ ಹತ್ತಿಯಂಥ ಒಂದು ವಸ್ತುವನ್ನು ತಯಾರಿಸುತ್ತಿದ್ದರು. ಅದು ರಕ್ತವನ್ನು ಚೆನ್ನಾಗಿ ಹೀರುವುದನ್ನು ಕಂಡ ದಾದಿಯರು ಮುಟ್ಟಿನ ದಿನಗಳಲ್ಲೂ ಬಳಸತೊಡಗಿದರು. ಯುದ್ಧ ಮುಗಿದ ಮೇಲೆ, 1920ರ ಸುಮಾರಿಗೆ, ಅದೇ ವಸ್ತು ಅಮೆರಿಕದ ಅಂಗಡಿಗಳಲ್ಲಿ ಪ್ಯಾಡಾಗಿ ಮಾರಾಟಕ್ಕೆ ಬಂತು. ಇಂದಿನ ಪ್ಯಾಡಿನಲ್ಲಿ ಸಾಮಾನ್ಯವಾಗಿ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ, ನಡುವೆ ಮರದ ತಿರುಳು ಮತ್ತು ದ್ರವವನ್ನು ಹೀರಿ ಅಂಟಿನಂತೆ ಗಟ್ಟಿಯಾಗುವ ರಾಸಾಯನಿಕ ಪುಡಿ, ಕೆಳಗೆ ಸೋರದಂತೆ ಇನ್ನೊಂದು ಪ್ಲಾಸ್ಟಿಕ್ ಹಾಳೆ ಇರುತ್ತವೆ.

ಪ್ಯಾಡು ಮಾಡಿರುವ ಉಪಕಾರವನ್ನು ಮರೆಯಬಾರದು. ಶೌಚಾಲಯದಲ್ಲಿ ನೀರಿಲ್ಲದ ಶಾಲೆಗೆ ಹೋಗುವ ಹುಡುಗಿ, ಬಸ್ಸಿನಲ್ಲಿ ದಿನಕ್ಕೆ ಮೂರು ಗಂಟೆ ಓಡಾಡುವ ನೌಕರಳು, ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ನಿಂತು ದುಡಿಯುವ ಹೆಣ್ಣುಮಗಳು, ಇವರೆಲ್ಲರಿಗೂ ಒಗೆಯುವ ಮತ್ತು ಒಣಗಿಸುವ ಕಷ್ಟ ತಪ್ಪಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡಾ 64ರಷ್ಟು ಮಂದಿ ಪ್ಯಾಡು ಬಳಸುವುದಾಗಿ ಹೇಳಿದ್ದಾರೆ. ಶೇಕಡಾ 50ರಷ್ಟು ಮಂದಿ ಬಟ್ಟೆ ಬಳಸುವುದಾಗಿಯೂ ಹೇಳಿದ್ದಾರೆ. ಅಂದರೆ ಎರಡನ್ನೂ ಬಳಸುವವರು ಬಹಳ ಮಂದಿ ಇದ್ದಾರೆ. ಬಟ್ಟೆ ಹೋಗಿಬಿಟ್ಟಿದೆ ಎಂದು ತಿಳಿಯುವುದು ತಪ್ಪು.

ಈಗ ಒಂದು ಲೆಕ್ಕ ಹಾಕಿ ನೋಡಿ. ತಿಂಗಳಿಗೆ ಐದು ದಿನ, ದಿನಕ್ಕೆ ಮೂರು ಪ್ಯಾಡಿನಂತೆ 15. ವರ್ಷಕ್ಕೆ 180. ಹದಿಮೂರನೆಯ ವಯಸ್ಸಿನಿಂದ ನಲವತ್ತೆಂಟರವರೆಗೆ 35 ವರ್ಷಕ್ಕೆ 6,300. ಬಸಿರು, ಬಾಣಂತನದ ತಿಂಗಳುಗಳನ್ನು ಕಳೆದರೂ ಒಬ್ಬ ಹೆಣ್ಣುಮಗಳಿಗೆ ಐದಾರು ಸಾವಿರ ಪ್ಯಾಡು. ಒಂದಕ್ಕೆ ಆರು ರೂಪಾಯಿ ಎಂದುಕೊಂಡರೆ ತಾಯಿ ಮತ್ತು ಇಬ್ಬರು ಹೆಣ್ಣುಮಕ್ಕಳಿರುವ ಮನೆಗೆ ತಿಂಗಳಿಗೆ 270 ರೂಪಾಯಿ, ವರ್ಷಕ್ಕೆ 3,240 ರೂಪಾಯಿ. ಈ ಖರ್ಚನ್ನು ಉಳಿಸಲು ಎಷ್ಟೋ ಮಂದಿ ಒಂದೇ ಪ್ಯಾಡನ್ನು ಬೆಳಗಿನಿಂದ ಸಂಜೆಯವರೆಗೆ ಇಟ್ಟುಕೊಳ್ಳುತ್ತಾರೆ. ಉರಿ, ತುರಿಕೆ, ಗುಳ್ಳೆಗಳಿಗೆ ಇದೊಂದು ಮುಖ್ಯ ಕಾರಣ.

ಬಳಸಿದ ಪ್ಯಾಡಿನ ಗತಿಯೇನು? ಅದರ ಪ್ಲಾಸ್ಟಿಕ್ ಮಣ್ಣಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಪಾಯಿಖಾನೆಗೆ ಹಾಕಿದರೆ ನೀರು ಹೀರಿ ಉಬ್ಬಿ ಕೊಳವೆ ಕಟ್ಟುತ್ತದೆ. ಆಮೇಲೆ ಅದನ್ನು ಕೈಯಿಂದ ತೆಗೆಯಬೇಕಾದವನು ಇನ್ನೊಬ್ಬ ಮನುಷ್ಯ. ಹಿತ್ತಲಿನಲ್ಲಿ ಸುಟ್ಟರೆ ಕಡಿಮೆ ಶಾಖದಲ್ಲಿ ಪ್ಲಾಸ್ಟಿಕ್ ಬೆಂದು ವಿಷಾನಿಲ ಬರುತ್ತದೆ. 2015ರಲ್ಲಿ ಹೈಕೋರ್ಟ್ ಆದೇಶದ ಮೇಲೆ ಬೆಂಗಳೂರಿನಲ್ಲಿ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಬಂದಾಗ ಇಂಥ ಕಸಕ್ಕೆಂದೇ ಕೆಂಪು ಬುಟ್ಟಿ ಗೊತ್ತುಮಾಡಲಾಯಿತು. 2016ರ ಘನತ್ಯಾಜ್ಯ ನಿಯಮಗಳೂ ಇವನ್ನು ಸುತ್ತಿ ಕೊಡಬೇಕೆಂದು ಹೇಳಿದವು. ನೀವು ಪ್ಯಾಡು ಬಳಸುವವರಾದರೆ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡಿ. ಕಸ ಆರಿಸುವವರ ಕೈ ನಿಮ್ಮ ಕೈಯಂಥದೇ.

ಬಟ್ಟೆಯ ಮೇಲಿನ ದೂರು ಎಷ್ಟು ನಿಜ?

ಬಟ್ಟೆ ಬಳಸಿದರೆ ಸೋಂಕು ಬರುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಒಡಿಶಾದ ಆಸ್ಪತ್ರೆಗಳಿಗೆ ಬಂದ 558 ಮಹಿಳೆಯರನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ಬಗ್ಗೆ ಬೆಳಕು ಚೆಲ್ಲುತ್ತದೆ. ಮತ್ತೆ ಮತ್ತೆ ಬಳಸುವ ಬಟ್ಟೆಯವರಲ್ಲಿ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಹೆಚ್ಚಾಗಿ ಕಂಡುಬಂತು. ತೀವ್ರ ತುರಿಕೆ, ಮೊಸರೊಡೆದಂಥ ಬಿಳಿ ಸ್ರಾವ ಇದರ ಲಕ್ಷಣಗಳು. ಆದರೆ ಬಟ್ಟೆ ಬಳಸುವವರಲ್ಲೂ ಈ ಸೋಂಕು ಯಾರಲ್ಲಿ ಹೆಚ್ಚು ಎಂದು ನೋಡಿದಾಗ ಮುಖ್ಯವಾದ ಒಂದು ಸಂಗತಿ ಹೊರಬಿತ್ತು. ಬಟ್ಟೆಯನ್ನು ಮನೆಯ ಒಳಗೇ ಒಣಗಿಸುವವರಲ್ಲಿ ಮತ್ತು ಶೌಚಾಲಯದಲ್ಲಿ ಬಚ್ಚಿಡುವವರಲ್ಲಿ ಅದು ಹೆಚ್ಚಾಗಿತ್ತು.

ನಮ್ಮ ಮನೆಗಳಲ್ಲಿ ನಡೆಯುವುದೂ ಇದೇ ಅಲ್ಲವೆ? ಮುಟ್ಟಿನ ಬಟ್ಟೆ ಗಂಡಸರ ಕಣ್ಣಿಗೆ ಬೀಳಬಾರದು. ಅದಕ್ಕೇ ಯಾರೂ ಏಳುವ ಮೊದಲು ಆತುರದಲ್ಲಿ ಒಗೆಯುತ್ತಾರೆ. ಲಂಗದ ಕೆಳಗೆ, ಮಂಚದ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ ಹರಡುತ್ತಾರೆ. ಅರ್ಧ ಒಣಗಿದ್ದನ್ನು ಸುರುಳಿ ಸುತ್ತಿ ಗೂಡಿನಲ್ಲಿ ತುರುಕುತ್ತಾರೆ. ಮುಂದಿನ ತಿಂಗಳು ಅದನ್ನೇ ತೆಗೆದು ಬಳಸುತ್ತಾರೆ. ಕೆಲವು ಕಡೆ ಆ ಬಟ್ಟೆಯನ್ನು ಹಾವು ದಾಟಿದರೆ ಮಕ್ಕಳಾಗುವುದಿಲ್ಲ ಎಂಬ ಭಯವೂ ಇದೆ. ಕತ್ತಲು, ತೇವ, ಗಾಳಿಯಿಲ್ಲದ ಜಾಗ. ಶಿಲೀಂಧ್ರ ಬೆಳೆಯಲು ಇದಕ್ಕಿಂತ ಒಳ್ಳೆಯ ಸ್ಥಳ ಬೇಕೆ?

ಅಂದರೆ ಹತ್ತಿಬಟ್ಟೆಯಲ್ಲಿ ದೋಷವಿಲ್ಲ. ದೋಷ ಇರುವುದು ಬಚ್ಚಿಡುವುದರಲ್ಲಿ. ಬಟ್ಟೆ ಬಿಟ್ಟು ಪ್ಯಾಡಿಗೆ ಹೋದಾಗ ನಾವು ಆ ಬಚ್ಚಿಡುವಿಕೆಯನ್ನು ಸರಿಪಡಿಸಲಿಲ್ಲ, ತಪ್ಪಿಸಿಕೊಂಡೆವು ಅಷ್ಟೆ. ಈಗ ಮತ್ತೆ ಬಟ್ಟೆಗೋ ಕಪ್ಪಿಗೋ ಬರುವವರು ಅದನ್ನು ಮೊದಲು ಸರಿಪಡಿಸಬೇಕು. ಇಲ್ಲವಾದರೆ ಹೊಸ ಬಟ್ಟೆಯಲ್ಲೂ ಹಳೆಯ ತುರಿಕೆಯೇ ಬರುತ್ತದೆ.

ಬಟ್ಟೆ ಬಳಸುವ ಸರಿಯಾದ ಕ್ರಮ

ಆಯ್ಕೆ: ಮೆತ್ತಗಿನ, ಬಣ್ಣ ಬಿಡದ, ನೂರಕ್ಕೆ ನೂರು ಹತ್ತಿಯ ಬಟ್ಟೆ ಆಗಬೇಕು. ಹಳೆಯ ಕಾಟನ್ ಸೀರೆ, ಪಂಚೆ ಆಗಬಹುದು. ಚೆನ್ನಾಗಿ ಒಗೆದು ಬಿಸಿಲಿಗೆ ಹಾಕಿದ ಮೇಲೆಯೇ ಉಪಯೋಗಿಸಿ. ಟೆರಿಕಾಟ್, ನೈಲಾನ್ ಬೇಡ. ಅವು ಹೀರುವುದಿಲ್ಲ, ಬೆವರು ಹೆಚ್ಚಿಸುತ್ತವೆ. ಈಗ ಹೊಲಿದ ಬಟ್ಟೆ ಪ್ಯಾಡುಗಳು ಮಾರುಕಟ್ಟೆಯಲ್ಲಿ ಸಿಗುತ್ತವೆ. ಎರಡು ಕಡೆ ರೆಕ್ಕೆಯಂಥ ಪಟ್ಟಿ, ಟಿಚ್ ಬಟನ್ ಇದ್ದು ಒಳ ಉಡುಪಿಗೆ ಭದ್ರವಾಗಿ ಕೂರುತ್ತವೆ. ಭಾರತೀಯ ಮಾನಕ ಬ್ಯೂರೊ 2021ರಲ್ಲಿ ಮರುಬಳಕೆಯ ಪ್ಯಾಡುಗಳಿಗೆ ಐಎಸ್ 17514 ಎಂಬ ಪ್ರತ್ಯೇಕ ಮಾನಕ ಹೊರಡಿಸಿದೆ. ಕೊಳ್ಳುವಾಗ ಕೇಳಿ ನೋಡಿ. ಹೊಲಿಗೆ ಬಲ್ಲವರು ಮನೆಯಲ್ಲೇ ತಯಾರಿಸಬಹುದು. ಚರ್ಮಕ್ಕೆ ತಾಗುವ ಕಡೆ ಮೆತ್ತನೆಯ ಹತ್ತಿ, ನಡುವೆ ನಾಲ್ಕಾರು ಪದರ ಫ್ಲಾನೆಲ್ ಅಥವಾ ಹಳೆ ಪಂಚೆ ಸಾಕು. ಪದರಗಳು ಬಹಳ ದಪ್ಪವಾದರೆ ಒಳಗೆ ಒಣಗುವುದಿಲ್ಲ ಎಂಬುದು ನೆನಪಿರಲಿ.

ಸಂಖ್ಯೆ: ಒಬ್ಬರಿಗೆ ಕನಿಷ್ಠ ಆರರಿಂದ ಎಂಟು ಬೇಕು. ಮಳೆಗಾಲದಲ್ಲಿ ಹತ್ತಾದರೂ ಇರಲಿ. ಎರಡೇ ಇದ್ದರೆ ಒದ್ದೆಯಾದದ್ದನ್ನೇ ಬಳಸುವ ಪ್ರಸಂಗ ಬರುತ್ತದೆ. ಒಬ್ಬರದನ್ನು ಇನ್ನೊಬ್ಬರು, ಅಕ್ಕತಂಗಿಯರೇ ಆದರೂ, ಬಳಸಬಾರದು.

ಬದಲಾವಣೆ: ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಿ. ಸ್ರಾವ ಹೆಚ್ಚಿದ್ದರೆ ಇನ್ನೂ ಬೇಗ. ಮುಟ್ಟುವ ಮೊದಲೂ ನಂತರವೂ ಕೈಗೆ ಸೋಪು ಹಾಕಿ ತೊಳೆಯಿರಿ.

ಒಗೆಯುವುದು: ಮೊದಲು ತಣ್ಣೀರಿನಲ್ಲಿ ನೆನೆಹಾಕಿ. ಬಿಸಿನೀರು ಹಾಕಿದರೆ ರಕ್ತದ ಪ್ರೋಟೀನು ಹೆಪ್ಪುಗಟ್ಟಿ ಕಲೆ ಅಲ್ಲೇ ಕೂರುತ್ತದೆ. ಅರ್ಧ ಗಂಟೆಯ ನಂತರ ಆ ನೀರನ್ನು ಚೆಲ್ಲಿ, ಬಟ್ಟೆ ಒಗೆಯುವ ಸಾಧಾರಣ ಸೋಪಿನಿಂದ ಉಜ್ಜಿ, ನೀರು ತಿಳಿಯಾಗುವವರೆಗೆ ಜಾಲಿಸಿ. ಸೋಪು ಉಳಿದರೆ ಅದೇ ಚರ್ಮಕ್ಕೆ ಉರಿ ತರುತ್ತದೆ. ಫಿನಾಯಿಲ್, ಡೆಟಾಲ್, ಬಟ್ಟೆಗೆ ಪರಿಮಳ ಕೊಡುವ ದ್ರಾವಣ ಯಾವುದೂ ಬೇಡ. ರಾತ್ರಿಯಿಡೀ ನೆನೆಯಲು ಬಿಡುವುದು ಕೂಡದು.

ಒಣಗಿಸುವುದು: ಇದೇ ಎಲ್ಲಕ್ಕಿಂತ ಮುಖ್ಯ. ನೇರ ಬಿಸಿಲಿನಲ್ಲಿ, ಗಾಳಿಯಾಡುವ ಕಡೆ, ಬಿಡಿಸಿ ಹಾಕಿ. ಬೇರೆ ಬಟ್ಟೆಯ ಅಡಿಯಲ್ಲಿ ಮುಚ್ಚಿ ಹಾಕಬೇಡಿ. ಬಿಸಿಲು ತೇವವನ್ನು ತೆಗೆಯುವುದಲ್ಲದೆ ರೋಗಾಣುಗಳನ್ನೂ ಕುಗ್ಗಿಸುತ್ತದೆ. ಅಂಗೈಯಲ್ಲಿ ಒತ್ತಿ ನೋಡಿದಾಗ ನಡುವಿನ ಪದರವೂ ತಣ್ಣಗೆ ತಾಗದೆ, ಗರಿಗರಿಯಾಗಿರಬೇಕು.

ಮಳೆಗಾಲ: ಮಲೆನಾಡು, ಕರಾವಳಿಯವರಿಗೆ ಆಷಾಢ ಶ್ರಾವಣದಲ್ಲಿ ಬಿಸಿಲೆಲ್ಲಿ? ಆಗ ಬಚ್ಚಲೊಲೆಯ ಶಾಖ ತಾಗುವ, ಹೊಗೆ ಮತ್ತು ಕಿಡಿ ತಾಗದ ಕಡೆ ಹಗ್ಗ ಕಟ್ಟಿ. ಫ್ಯಾನಿನ ಕೆಳಗೆ ಒಣಗಿಸಿ, ಬಿಸಿ ಇಸ್ತ್ರಿಯಿಂದ ಎರಡೂ ಬದಿ ಚೆನ್ನಾಗಿ ಉಜ್ಜಿ. ಪದರಗಳು ಬಿಚ್ಚುವಂಥ, ಅಥವಾ ಮಡಿಸಿ ಬಳಸುವ ಒಂದೇ ಬಟ್ಟೆಯಾದರೆ ಬೇಗ ಒಣಗುತ್ತದೆ. ಇಷ್ಟಾಗಿಯೂ ಒಣಗದಿದ್ದರೆ ಆ ಎರಡು ತಿಂಗಳು ಪ್ಯಾಡು ಬಳಸಿ. ಒದ್ದೆ ಬಟ್ಟೆಗಿಂತ ಪ್ಯಾಡು ಎಷ್ಟೋ ಮೇಲು.

ಇಡುವುದು: ಶುದ್ಧವಾದ ಹತ್ತಿಯ ಚೀಲದಲ್ಲಿ, ಬಟ್ಟೆಯ ಕಪಾಟಿನಲ್ಲಿಯೇ ಇಡಿ. ಬಚ್ಚಲಲ್ಲಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ. ಬಟ್ಟೆ ಗಡುಸಾದರೆ, ವಾಸನೆ ಬಿಡದಿದ್ದರೆ, ಕಪ್ಪು ಚುಕ್ಕೆ ಕಂಡರೆ ಅದನ್ನು ಮತ್ತೆ ಬಳಸಬೇಡಿ.

ಮುಟ್ಟಿನ ಕಪ್

ಇದು ಮೆತ್ತಗಿನ, ಗಂಟೆಯಾಕಾರದ ಪುಟ್ಟ ಬಟ್ಟಲು. ಹೊಸದೆಂದು ಭಾವಿಸಬೇಡಿ. ಲಿಯೋನಾ ಚಾಮರ್ಸ್ ಎಂಬ ಅಮೆರಿಕದ ಮಹಿಳೆ 1937ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಆಗ ರಬ್ಬರಿನದಾಗಿತ್ತು. ಈಗ ಹೆಚ್ಚಾಗಿ ವೈದ್ಯಕೀಯ ದರ್ಜೆಯ ಸಿಲಿಕೋನಿನಿಂದ ಮಾಡುತ್ತಾರೆ. ಇದನ್ನು ಮಡಿಸಿ ಯೋನಿಯೊಳಗೆ ಸೇರಿಸಿದರೆ ಅಲ್ಲಿ ಅರಳಿ ನಿಲ್ಲುತ್ತದೆ. ಸ್ರಾವವನ್ನು ಹೀರುವುದಿಲ್ಲ, ಹಿಡಿದಿಡುತ್ತದೆ. ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್ ಹಿಡಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹಲವು ವರ್ಷ ಬಾಳುತ್ತದೆ.

ಬಳಸುವ ಕ್ರಮ ಹೀಗೆ:

1. ಮುಟ್ಟು ಶುರುವಾಗುವಾಗ ಕಪ್ಪನ್ನು ಮುಳುಗುವಷ್ಟು ನೀರಿನಲ್ಲಿ ಐದು ನಿಮಿಷ ಕುದಿಸಿ. ತಳಕ್ಕೆ ಅಂಟಿ ಸುಡದಂತೆ ನೋಡಿಕೊಳ್ಳಿ. ಅಡಿಗೆಮನೆಯ ಪಾತ್ರೆಯ ಬಗ್ಗೆ ಹಿರಿಯರಿಗೆ ಕಸಿವಿಸಿ ಇದ್ದರೆ ಒಂದು ಸಣ್ಣ ಸ್ಟೀಲ್ ಪಾತ್ರೆಯನ್ನು ಅದಕ್ಕೆಂದೇ ಇಟ್ಟುಕೊಳ್ಳಿ. ಜಗಳವೂ ಇಲ್ಲ, ಕುದಿಸುವುದೂ ತಪ್ಪುವುದಿಲ್ಲ.

2. ಕೈ ತೊಳೆದು, ಉಗುರು ಚಿಕ್ಕದಾಗಿರಲಿ, ಕುಕ್ಕರುಗಾಲಿನಲ್ಲಿ ಕುಳಿತು ಅಥವಾ ಒಂದು ಕಾಲನ್ನು ಮಣೆಯ ಮೇಲಿಟ್ಟು, ಕಪ್ಪನ್ನು ನೀರಿನಲ್ಲಿ ಒದ್ದೆ ಮಾಡಿ ಮಡಿಸಿ ಒಳಸೇರಿಸಿ. ಬೆನ್ನಿನ ಕಡೆಗೆ ಓರೆಯಾಗಿ ತಳ್ಳಬೇಕು, ನೇರ ಮೇಲಕ್ಕಲ್ಲ. ಮೈ ಬಿಗಿ ಹಿಡಿದರೆ ನೋವಾಗುತ್ತದೆ. ಆಗ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಪ್ರಯತ್ನಿಸಿ.

3. ಎಂಟರಿಂದ ಹನ್ನೆರಡು ಗಂಟೆಯೊಳಗೆ ಖಾಲಿ ಮಾಡಬೇಕು. ಹನ್ನೆರಡು ಗಂಟೆ ಮೀರಬಾರದು.

4. ತೆಗೆಯುವಾಗ ತುದಿಯ ಕಡ್ಡಿಯನ್ನು ಹಿಡಿದು ಎಳೆಯಬೇಡಿ. ಬುಡವನ್ನು ಎರಡು ಬೆರಳಿನಿಂದ ಹಿಚುಕಿ, ಒಳಗೆ ಗಾಳಿ ಸೇರಿ ಹಿಡಿತ ಸಡಿಲವಾದ ಮೇಲೆ ನಿಧಾನವಾಗಿ ತೆಗೆಯಿರಿ.

5. ಚೆಲ್ಲಿ, ಶುದ್ಧ ನೀರಿನಲ್ಲಿ ತೊಳೆದು ಮತ್ತೆ ಬಳಸಿ. ಮುಟ್ಟು ಮುಗಿದ ಮೇಲೆ ಮತ್ತೆ ಕುದಿಸಿ, ಒಣಗಿಸಿ, ಹತ್ತಿಯ ಚೀಲದಲ್ಲಿಡಿ.

ಮೊದಲ ತಿಂಗಳಲ್ಲೇ ಎಲ್ಲ ಸರಿಹೋಗುವುದಿಲ್ಲ. ರೂಢಿಗೆ ಎರಡು ಮೂರು ಮುಟ್ಟಾದರೂ ಬೇಕು. ಅಲ್ಲಿಯವರೆಗೆ ಜೊತೆಗೆ ತೆಳುವಾದ ಬಟ್ಟೆ ಇಟ್ಟುಕೊಳ್ಳಿ. ರಜೆಯಲ್ಲಿ, ಮನೆಯಲ್ಲಿರುವಾಗ ಶುರುಮಾಡುವುದು ಜಾಣತನ.

ಇದು ಸುರಕ್ಷಿತವೇ? 43 ಅಧ್ಯಯನಗಳನ್ನು, ಒಟ್ಟು 3,319 ಬಳಕೆದಾರರನ್ನು ಒಟ್ಟುಗೂಡಿಸಿ ನೋಡಿದ ವಿಮರ್ಶೆಯೊಂದು ಲ್ಯಾನ್ಸೆಟ್ ಬಳಗದ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ ಪ್ರಕಟವಾಯಿತು. ಸೋರಿಕೆಯ ವಿಷಯದಲ್ಲಿ ಕಪ್ ಇತರ ವಸ್ತುಗಳಷ್ಟೇ ಅಥವಾ ಅವಕ್ಕಿಂತ ಉತ್ತಮ ಎಂದು ಕಂಡುಬಂತು. ಸೋಂಕು ಹೆಚ್ಚಾದುದು ಕಾಣಲಿಲ್ಲ. ಪ್ರಯೋಗ ಮಾಡಿದವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಮಂದಿ ಮುಂದುವರಿಸಲು ಇಚ್ಛಿಸಿದರು. ಟಾಕ್ಸಿಕ್ ಶಾಕ್ ಎಂಬ ಅಪರೂಪದ, ಆದರೆ ಅಪಾಯಕರವಾದ ಸ್ಥಿತಿ ಕೇವಲ ಐದು ಪ್ರಕರಣಗಳಲ್ಲಿ ವರದಿಯಾಗಿತ್ತು. ಕಪ್ ಒಳಗಿರುವಾಗ ಇದ್ದಕ್ಕಿದ್ದಂತೆ ತೀವ್ರ ಜ್ವರ, ವಾಂತಿ, ಮೈಮೇಲೆ ಕೆಂಪು ದದ್ದು, ತಲೆಸುತ್ತು ಬಂದರೆ ತಕ್ಷಣ ಕಪ್ ತೆಗೆದು ಆಸ್ಪತ್ರೆಗೆ ಹೋಗಬೇಕು.

ಕಾಪರ್-ಟಿ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಕಪ್ ಬಳಸಬಾರದು. ಎಳೆಯುವಾಗ ಅದು ಜಾರಿ ಬರಬಹುದು. ಹೆರಿಗೆ ಅಥವಾ ಗರ್ಭಪಾತದ ನಂತರ ವೈದ್ಯರು ಒಪ್ಪುವವರೆಗೆ ಬೇಡ. ಹೆರಿಗೆಯಾದವರು ಕನಿಷ್ಠ ಆರು ವಾರ ಕಾಯಬೇಕು. ಗರ್ಭಕೋಶ ಜಾರಿರುವವರು, ಯೋನಿಯಲ್ಲಿ ಸೋಂಕಿರುವವರು ಮೊದಲು ಚಿಕಿತ್ಸೆ ಪಡೆಯಬೇಕು.

ನೆರೆಯ ಕೇರಳದಲ್ಲಿ 2018ರ ಪ್ರವಾಹದ ಸಮಯ ಪರಿಹಾರ ಶಿಬಿರಗಳಲ್ಲಿ ಬಳಸಿದ ಪ್ಯಾಡುಗಳನ್ನು ಏನು ಮಾಡುವುದೆಂಬುದೇ ದೊಡ್ಡ ಸಮಸ್ಯೆಯಾಯಿತು. ಮರುವರ್ಷ ಆಲಪ್ಪುಳ ನಗರಸಭೆಯಲ್ಲಿ ಐದು ಸಾವಿರ ಕಪ್ಪುಗಳನ್ನು ಉಚಿತವಾಗಿ ಹಂಚುವ ಯೋಜನೆ ನಡೆಯಿತು. ಎರ್ನಾಕುಲಂ ಜಿಲ್ಲೆಯ ಕುಂಬಳಂಗಿಯಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು ಕಪ್ ಹಂಚಿ, 2022ರ ಜನವರಿಯಲ್ಲಿ ಅದನ್ನು ಪ್ಯಾಡುಮುಕ್ತ ಗ್ರಾಮವೆಂದು ಘೋಷಿಸಲಾಯಿತು. ನಮ್ಮಲ್ಲೂ ದಕ್ಷಿಣ ಕನ್ನಡ ಮತ್ತು ಚಾಮರಾಜನಗರ ಜಿಲ್ಲೆಗಳಲ್ಲಿ ‘ಶುಚಿ’ ಯೋಜನೆಯಡಿ ‘ಮೈತ್ರಿ’ ಹೆಸರಿನಲ್ಲಿ 2022-23ರ ಸುಮಾರಿಗೆ ಕಪ್ ವಿತರಣೆಯ ಪ್ರಯೋಗ ನಡೆದಿದೆ. ಕಪ್ಪನ್ನು ಕೈಗೆ ಕೊಟ್ಟರಷ್ಟೇ ಸಾಲದು, ಕೂರಿಸಿಕೊಂಡು ಹೇಳಿಕೊಡುವವರೂ ಬೇಕು.

ಯಾರಿಗೆ ಯಾವುದು?

ಎಲ್ಲರಿಗೂ ಒಂದೇ ಉತ್ತರವಿಲ್ಲ. ಮನೆಯಲ್ಲಿ ನೀರು, ಬಿಸಿಲು, ಬಾಗಿಲು ಹಾಕಿಕೊಳ್ಳುವ ಬಚ್ಚಲು ಇರುವವರಿಗೆ ಬಟ್ಟೆ ಪ್ಯಾಡು ಸುಲಭ. ನೀರಿನ ಅಭಾವವಿರುವ ಊರಿನವರಿಗೆ, ಹೊಲದಲ್ಲಿ ದಿನವಿಡೀ ದುಡಿಯುವವರಿಗೆ, ಆಟೋಟದಲ್ಲಿ ತೊಡಗಿದವರಿಗೆ ಕಪ್ ಅನುಕೂಲ. ಇನ್ನು ಹೀರುವ ಪದರವಿರುವ ಒಳ ಉಡುಪುಗಳೂ ಬಂದಿವೆ. ಸ್ರಾವ ಕಡಿಮೆಯಿರುವ ದಿನಗಳಿಗೆ ಆದೀತು, ಬೆಲೆ ಹೆಚ್ಚು, ಒಣಗುವುದು ನಿಧಾನ. ಹಾಸ್ಟೆಲಿನಲ್ಲಿ, ವಠಾರದ ಸಾಮೂಹಿಕ ಶೌಚಾಲಯದಲ್ಲಿ ಒಗೆದು ಒಣಗಿಸಲು ಜಾಗವೇ ಇಲ್ಲದವರಿಗೆ ಪ್ಯಾಡೇ ಸರಿ. ಜನೌಷಧಿ ಕೇಂದ್ರಗಳಲ್ಲಿ 2019ರಿಂದ ಪ್ಯಾಡಿನ ಬೆಲೆಯನ್ನು ಒಂದು ರೂಪಾಯಿಗೆ ಇಳಿಸಿರುವುದು ಇಂಥವರಿಗೆ ಉಪಕಾರಿ. ಮನೆಯಲ್ಲಿ ಬಟ್ಟೆ, ಹೊರಗೆ ಹೋಗುವ ದಿನ ಪ್ಯಾಡು ಎಂದು ಎರಡನ್ನೂ ಬಳಸಿದರೂ ಖರ್ಚು ಮತ್ತು ಕಸ ಅರ್ಧಕ್ಕಿಳಿಯುತ್ತವೆ. ಪರಿಸರದ ಹೆಸರಿನಲ್ಲಿ ಯಾವ ಹೆಣ್ಣುಮಗಳ ಮೇಲೂ ಒತ್ತಾಯ ಹೇರಬಾರದು.

ಮನೆಯವರು ಮಾಡಬೇಕಾದದ್ದು

ಹಿತ್ತಲಲ್ಲೋ ಮಹಡಿಯ ಮೇಲೋ ಬಿಸಿಲು ಬೀಳುವ ಕಡೆ ಒಂದು ಹಗ್ಗ ಕಟ್ಟಿಕೊಡಿ. ಅದರ ಮೇಲೆ ಈ ಬಟ್ಟೆಗಳು ಟವೆಲು, ಬನಿಯನ್ನುಗಳ ಪಕ್ಕದಲ್ಲೇ ಒಣಗಲಿ. ಒಂದು ಪ್ರತ್ಯೇಕ ಬಕೆಟ್ಟು, ಒಂದು ಸೋಪು, ಬಚ್ಚಲ ಬಾಗಿಲಿಗೆ ಭದ್ರವಾದ ಚಿಲಕ ಇರಲಿ. ಇವಿಷ್ಟಕ್ಕೂ ಹೆಚ್ಚು ಹಣ ಬೇಕಿಲ್ಲ. ತಂದೆ, ಅಣ್ಣತಮ್ಮಂದಿರು ಆ ಹಗ್ಗವನ್ನು ನೋಡಿ ಮುಖ ತಿರುಗಿಸದಿದ್ದರೆ ಸಾಕು, ಹುಡುಗಿ ಬಟ್ಟೆಯನ್ನು ಮಂಚದ ಕೆಳಗೆ ಒಯ್ಯುವುದಿಲ್ಲ. ಮಳೆ ಬಂದಾಗ ಹಗ್ಗದ ಮೇಲಿನ ಬಟ್ಟೆಯನ್ನು ಮಗನೇ ತೆಗೆದು ತಂದರೆ ಇನ್ನೂ ಸಂತೋಷ.

ತಾಯಂದಿರೇ, ಮಗಳು ದೊಡ್ಡವಳಾಗುವ ಮೊದಲೇ, ಹತ್ತು ಹನ್ನೊಂದರ ವಯಸ್ಸಿನಲ್ಲಿ ಇದನ್ನೆಲ್ಲ ಸಾವಧಾನವಾಗಿ ತಿಳಿಸಿ. ಬಟ್ಟೆ ಬದಲಿಸುವುದನ್ನು, ಒಗೆಯುವುದನ್ನು, ತಾರೀಖು ಬರೆದಿಡುವುದನ್ನು ಕಲಿಸಿ. ಹೆದರಿಸಬೇಡಿ.

ವೈದ್ಯರನ್ನು ಯಾವಾಗ ಕಾಣಬೇಕು?

• ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡು ಅಥವಾ ಬಟ್ಟೆ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ಗಡ್ಡೆಗಳು ಬೀಳುತ್ತಿದ್ದರೆ, ಸ್ರಾವ ಎಂಟು ದಿನ ದಾಟಿದರೆ.

• ತುರಿಕೆ, ಮೊಸರಿನಂಥ ಅಥವಾ ಹಸಿರು, ಹಳದಿ ಬಣ್ಣದ ದುರ್ವಾಸನೆಯ ಸ್ರಾವ ಇದ್ದರೆ. ಪದೇ ಪದೇ ಹೀಗಾದರೆ ರಕ್ತದಲ್ಲಿ ಸಕ್ಕರೆಯ ಪರೀಕ್ಷೆಯೂ ಅಗತ್ಯ.

• ಕೆಳಹೊಟ್ಟೆ ನೋವು, ಜ್ವರ, ಉರಿಮೂತ್ರ ಇದ್ದರೆ.

• ಸುಸ್ತು, ಉಬ್ಬಸ, ಮುಖ ಬಿಳಿಚಿಕೊಳ್ಳುವುದು ಇದ್ದರೆ.

2019-21ರ ಸಮೀಕ್ಷೆಯ ಪ್ರಕಾರ ನಮ್ಮ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಅತಿಸ್ರಾವ ಅದಕ್ಕೆ ಒಂದು ಕಾರಣ. ಬಟ್ಟೆಯಲ್ಲಿ ಎಷ್ಟು ರಕ್ತ ಹೋಯಿತೆಂದು ತಿಳಿಯುವುದು ಕಷ್ಟ. ಗುರುತು ಹಾಕಿದ ಕಪ್ಪಿನಲ್ಲಿ ಅಳತೆ ಕಣ್ಣಿಗೇ ಕಾಣುತ್ತದೆ. ಬರೆದಿಟ್ಟುಕೊಂಡು ಹೋದರೆ ವೈದ್ಯರಿಗೂ ಸಹಾಯ.

ಸಾಮಾನ್ಯ ಸಂಶಯಗಳು

ಪ್ರಶ್ನೆ: ಮದುವೆಯಾಗದ ಹುಡುಗಿಯರು ಕಪ್ ಬಳಸಬಹುದೇ? ಕನ್ನೆಪೊರೆ ಹರಿಯುವುದಿಲ್ಲವೆ?

ಉತ್ತರ: ಬಳಸಬಹುದು. ಕನ್ನೆಪೊರೆ ಎನ್ನುವುದು ಯೋನಿಯನ್ನು ಮುಚ್ಚಿದ ಬಾಗಿಲಲ್ಲ. ಅದರಲ್ಲಿ ಹುಟ್ಟಿನಿಂದಲೇ ರಂಧ್ರವಿರುತ್ತದೆ, ಇಲ್ಲವಾದರೆ ಮುಟ್ಟಿನ ರಕ್ತವೇ ಹೊರಬರುತ್ತಿರಲಿಲ್ಲ. ಅದು ಹಿಗ್ಗುವ ಪೊರೆ. ಅದನ್ನು ನೋಡಿ ಯಾರ ಶೀಲವನ್ನೂ ಹೇಳಲು ವೈದ್ಯಶಾಸ್ತ್ರಕ್ಕೆ ಸಾಧ್ಯವಿಲ್ಲ. ಆದರೆ ಹುಡುಗಿಗೆ ಇಷ್ಟವಿಲ್ಲದಿದ್ದರೆ ಬಲವಂತ ಬೇಡ. ಚಿಕ್ಕ ಅಳತೆಯ ಕಪ್ಪಿನಿಂದ ಪ್ರಾರಂಭಿಸಲಿ.

ಪ್ರಶ್ನೆ: ಕಪ್ ಒಳಗೆ ಹೋಗಿ ಕಳೆದುಹೋದರೆ?

ಉತ್ತರ: ಹೋಗಲಾರದು. ಯೋನಿಯ ಮೇಲ್ತುದಿಯಲ್ಲಿ ಗರ್ಭಕೋಶದ ಕೊರಳಿದೆ. ಅಲ್ಲಿಯ ರಂಧ್ರ ಬಹಳ ಸಣ್ಣದು. ಮೇಲೆ ಸರಿದಂತೆ ಅನ್ನಿಸಿದರೆ ಗಾಬರಿಯಾಗದೆ ಕುಕ್ಕರುಗಾಲಿನಲ್ಲಿ ಕುಳಿತು ಮೆಲ್ಲಗೆ ಮುಕ್ಕಿರಿ, ಕೈಗೆ ಸಿಗುತ್ತದೆ. ಸಿಗದಿದ್ದರೆ ವೈದ್ಯರು ಸುಲಭವಾಗಿ ತೆಗೆಯುತ್ತಾರೆ.

ಪ್ರಶ್ನೆ: ಮೂತ್ರಕ್ಕೆ ಹೋಗುವಾಗ ಕಪ್ ತೆಗೆಯಬೇಕೆ?

ಉತ್ತರ: ಬೇಕಿಲ್ಲ. ಮೂತ್ರದ ದ್ವಾರ ಬೇರೆ, ಯೋನಿ ಬೇರೆ.

ಪ್ರಶ್ನೆ: ಬಟ್ಟೆಯಿಂದ ಗರ್ಭಕೊರಳಿನ ಕ್ಯಾನ್ಸರ್ ಬರುತ್ತದೆ, ಪ್ಯಾಡಿನಿಂದಲೂ ಬರುತ್ತದೆ ಎಂದು ಎರಡೂ ಕೇಳಿದ್ದೇವೆ.

ಉತ್ತರ: ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣ ಎಚ್‌ಪಿವಿ ಎಂಬ ವೈರಸ್. ಅದಕ್ಕೆ ಲಸಿಕೆ ಇದೆ, ಮುಂಚೆಯೇ ಪತ್ತೆ ಮಾಡುವ ಪರೀಕ್ಷೆಯೂ ಇದೆ. ಬಟ್ಟೆಯ ಹೆದರಿಕೆಗಿಂತ ಆ ಪರೀಕ್ಷೆ ಮಾಡಿಸುವುದು ಹೆಚ್ಚು ಉಪಯುಕ್ತ. ಪ್ಯಾಡಿನಿಂದ ಕ್ಯಾನ್ಸರ್ ಬರುತ್ತದೆಂಬುದೂ ಸಿದ್ಧವಾಗಿಲ್ಲ.

ಪ್ರಶ್ನೆ: ಮುಟ್ಟಿನ ಬಟ್ಟೆಯನ್ನು ವಾಷಿಂಗ್ ಮೆಷಿನ್ನಿಗೆ ಹಾಕಬಹುದೆ?

ಉತ್ತರ: ಮೊದಲು ತಣ್ಣೀರಿನಲ್ಲಿ ರಕ್ತ ತೆಗೆದು ಹಾಕಬಹುದು. ಆದರೆ ಮೆಷಿನ್ನಿನಲ್ಲಿ ತಿರುಗಿ ಬಂದದ್ದು ಪೂರ್ತಿ ಒಣಗಿರುವುದಿಲ್ಲ. ಬಿಸಿಲಿಗೆ ಹಾಕಲೇಬೇಕು.

ನೆನಪಿಡಬೇಕಾದದ್ದು

ಬಟ್ಟೆ ಹಳೆಯದೆಂದು ಕೀಳಲ್ಲ, ಕಪ್ ಹೊಸದೆಂದು ಮೇಲಲ್ಲ. ಕಾಲಕಾಲಕ್ಕೆ ಬದಲಿಸುವುದು, ಸೋಪಿನಲ್ಲಿ ತೊಳೆಯುವುದು, ಬಿಸಿಲಿನಲ್ಲಿ ಒಣಗಿಸುವುದು ಅಥವಾ ಕುದಿಸುವುದು, ಇವು ತಪ್ಪದಿದ್ದರೆ ಎರಡೂ ಕ್ಷೇಮ. ಈ ತಿಂಗಳೇ ಎಲ್ಲವನ್ನೂ ಬದಲಿಸಬೇಕಾಗಿಲ್ಲ. ಮೊದಲು ಮನೆಯಲ್ಲಿ ಈ ಬಗ್ಗೆ ಮಾತನಾಡಿ. ಈ ಭಾನುವಾರ ಬಿಸಿಲು ಬೀಳುವ ಕಡೆ ಒಂದು ಹಗ್ಗ ಕಟ್ಟಿ. ಉಳಿದದ್ದನ್ನು ಮನೆಯ ಹೆಣ್ಣುಮಕ್ಕಳು ತಮಗೆ ಅನುಕೂಲವಾದಂತೆ ಆರಿಸಿಕೊಳ್ಳುತ್ತಾರೆ.